ಖಡಕ್ ರೊಟ್ಟಿಯಿಂದ ‘ಹಾರ್ಡ್’ ಕಲಿಸಿದ್ದು

ಇಳಕಲ್ ಸೀಮೆಯ ಪ್ರೌಢಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಗ್ರಾನೈಟ್ ಕ್ವಾರಿಯಲ್ಲಿ ದುಡಿಯುವ ತನ್ನ ತಂದೆಯ ಬಗ್ಗೆ ಪ್ರಬಂಧ ಬರೆದಿದ್ದಳು. ‘ಮೈ ಫಾದರ್ ವರ್ಕ್ಸ್ ಹಾರ್ಡ್ಲಿ’ ಎಂಬುದೇ ಅದರ ಮೊದಲ ವಾಕ್ಯ. ಬೆವರು ಸುರಿಸಿ ದುಡಿಯುತ್ತಾರೆ ಎನ್ನಲು ಹೊರಟವಳು, ಕೆಲಸವನ್ನೇ ಮಾಡುವುದಿಲ್ಲ ಎಂಬಂತೆ ಬರೆದುಬಿಟ್ಟಿದ್ದಳು. ಆ ತಪ್ಪು ನನ್ನದು. ‘ಹಾರ್ಡ್ ಎಂದರೆ ಕಠಿಣ’ ಎಂದು ಹಲಗೆಯ ಮೇಲೆ ಬರೆದು ಮುಂದೆ ಹೋಗಿದ್ದವಳು ನಾನು. ‘ಸ್ಲೋ’ಗೆ ‘ಲಿ’ ಹಚ್ಚಿದರೆ ‘ಸ್ಲೋಲಿ’ ಎಂದು ಹೇಳಿಕೊಟ್ಟವಳೂ ನಾನೇ.

ಮರುದಿನ ನಮ್ಮ ಮಾತಿನಿಂದಲೇ ಶುರುಮಾಡಿದೆ. ‘ಖಡಕ್’ ಎಂದು ಯಾವುದಕ್ಕೆಲ್ಲ ಅನ್ನುತ್ತೀರಿ ಎಂದು ಕೇಳಿದೆ. ಖಡಕ್ ರೊಟ್ಟಿ, ಖಡಕ್ ಚಹಾ, ಖಡಕ್ ಅಧಿಕಾರಿ ಎಂದು ಹಲಗೆ ತುಂಬಿತು. ರೊಟ್ಟಿಯ ಖಡಕ್ ಹಲ್ಲಿಗೆ, ಚಹಾದ್ದು ನಾಲಿಗೆಗೆ ತಿಳಿಯುತ್ತದೆ. ಅಧಿಕಾರಿಯದು ಲಂಚ ಕೊಡಲು ಹೋದವನಿಗೇ ತಿಳಿಯಬೇಕು. ಪಕ್ಕದ ಪದ ಬದಲಾದರೆ ಅರ್ಥವೂ ಬದಲಾಗುತ್ತದೆ ಎಂಬುದನ್ನು ಮಕ್ಕಳೇ ಹಿಡಿದರು.

ಆಮೇಲೆ ‘ಹಾರ್ಡ್’ ಸುಲಭವಾಯಿತು. ನಮ್ಮೂರಿನ ಕೆಂಪು ಗ್ರಾನೈಟ್ ಹಾರ್ಡ್. ಅದರ ವಿರುದ್ಧ ಸಾಫ್ಟ್. ಗಣಿತದ ಲೆಕ್ಕ ಹಾರ್ಡ್. ಅದರ ವಿರುದ್ಧ ಈಸಿ. ಹೀಗೆ ವಿರುದ್ಧ ಪದ ಕೇಳುವುದೇ ಅರ್ಥ ಬಿಡಿಸುವ ಒಳ್ಳೆಯ ದಾರಿ ಎಂದು ನನಗೆ ಆಗ ಗೊತ್ತಾಯಿತು. ನೀರು ಹಾರ್ಡ್ ಆಗುವುದು ಹೇಗೆ ಎಂದು ಒಬ್ಬ ಕೇಳಿದ. ಕೊಳವೆಬಾವಿಯ ನೀರಿನಲ್ಲಿ ಸೋಪಿನ ನೊರೆ ಏಳದಿರುವುದನ್ನೂ ಬೇಳೆ ಬೇಯಲು ತಡವಾಗುವುದನ್ನೂ ನೆನಪಿಸಿದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಅದಕ್ಕೆ ಕಾರಣ. ಕನ್ನಡವೂ ಅದನ್ನು ‘ಗಡಸು ನೀರು’ ಎನ್ನುತ್ತದಲ್ಲ!

ಎರಡು ಭಾಷೆಗಳ ದಾರಿ ಬೇರೆಯಾಗುವ ಕಡೆ ಹೆಚ್ಚು ಹೊತ್ತು ನಿಂತೆ. ಕಿವಿ ಮಂದವಾದವರಿಗೆ ಇಂಗ್ಲಿಷಿನಲ್ಲಿ ‘ಹಾರ್ಡ್ ಆಫ್ ಹಿಯರಿಂಗ್’ ಎನ್ನುತ್ತಾರೆ. ಅವರೊಡನೆ ನಾವು ಗಟ್ಟಿಯಾಗಿ ಮಾತನಾಡುತ್ತೇವೆ. ಆದರೆ ಈ ‘ಗಟ್ಟಿ’ ಹಾರ್ಡ್ ಅಲ್ಲ, ಲೌಡ್. ಕೊನೆಗೆ ‘ಹಾರ್ಡ್ಲಿ’ಗೆ ಬಂದೆ. ಕಷ್ಟಪಟ್ಟು ದುಡಿಯುವುದಕ್ಕೂ ‘ಹಾರ್ಡ್’ ಎಂದೇ ಬರೆಯಬೇಕು, ಬಾಲ ಬೇಡ. ‘ಹಾರ್ಡ್ಲಿ’ ಎಂದರೆ ಇಲ್ಲವೆನ್ನುವಷ್ಟು ಕಡಿಮೆ ಎಂದು ಹೇಳಿದೆ.

ಆ ಹುಡುಗಿ ಪ್ರಬಂಧವನ್ನು ತಿದ್ದಿಕೊಂಡು ತಂದಳು. ‘ಮೈ ಫಾದರ್ ವರ್ಕ್ಸ್ ಹಾರ್ಡ್’ ಎಂದಿತ್ತು. ಹೊಡೆದುಹಾಕಿದ ಪದವನ್ನು ಅವಳು ಬಿಟ್ಟಿರಲಿಲ್ಲ. ಕೆಳಗಿನ ಸಾಲಿನಲ್ಲಿ ಅದಕ್ಕೆ ಜಾಗ ಕೊಟ್ಟಿದ್ದಳು: ‘ಹಿ ಹಾರ್ಡ್ಲಿ ರೆಸ್ಟ್ಸ್.’