ಕಾಮನಬಿಲ್ಲು ಹುಡುಕುವ ಎರಡು ಗೇಣಿನ ಲೆಕ್ಕ

ಕಾಮನಬಿಲ್ಲು ಎಲ್ಲಿ ಮೂಡುತ್ತದೆ ಎಂಬುದನ್ನು ನಿಮ್ಮ ತಲೆಯ ನೆರಳೇ ಹೇಳುತ್ತದೆ. ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ. ಆ ನೆರಳಿನಿಂದ 42 ಡಿಗ್ರಿ ದೂರದಲ್ಲಿ ಕೆಂಪು, ಒಳಗೆ 40 ಡಿಗ್ರಿಯ ಹತ್ತಿರ ನೇರಳೆ. ಕೈ ಪೂರ್ತಿ ಚಾಚಿ ಬೆರಳು ಅಗಲಿಸಿದರೆ ಒಂದು ಗೇಣು ಸುಮಾರು 20 ಡಿಗ್ರಿ. ಹಾಗಾಗಿ ನೆರಳಿನಿಂದ ಎರಡು ಗೇಣು ಅಳೆದು ನೋಡಿದರೆ ಸಾಕು.

ಈ ಕೋನ ಬರುವುದು ಹನಿಯಿಂದ. ದುಂಡು ಹನಿಗೆ ಹೊಕ್ಕ ಬೆಳಕು ಬಾಗುತ್ತದೆ, ಹಿಂಬದಿಗೆ ಬಡಿದು ತಿರುಗುತ್ತದೆ, ಹೊರಬರುವಾಗ ಮತ್ತೆ ಬಾಗುತ್ತದೆ. ಕಿರಣಗಳು ಬೇರೆ ಬೇರೆ ಕೋನದಲ್ಲಿ ಹೊರಟರೂ ದಟ್ಟವಾಗಿ ಸೇರುವುದು 42ರ ಆಸುಪಾಸಿನಲ್ಲೇ. ನೇರಳೆ ಹೆಚ್ಚು ಬಾಗುತ್ತದೆ, ಕೆಂಪು ಕಡಿಮೆ. ಬಣ್ಣ ಬೇರೆಯಾಗುವುದು ಅದರಿಂದ.

ಸೂರ್ಯ 42 ಡಿಗ್ರಿಗಿಂತ ಮೇಲಿದ್ದರೆ ಬಿಲ್ಲು ನೆಲದ ಕೆಳಗೆ ಹೋಗುತ್ತದೆ, ಆಕಾಶದಲ್ಲಿ ಕಾಣುವುದಿಲ್ಲ. ಸಮತಟ್ಟು ನೆಲದಲ್ಲಿ 1 ಮೀಟರ್ ಕೋಲು ನೆಟ್ಟಗೆ ನಿಲ್ಲಿಸಿ, ನೆರಳು 1.1 ಮೀಟರ್ ದಾಟಿರಬೇಕು. ಮೈಸೂರು, ಮಂಡ್ಯದಲ್ಲಿ ಮೇ ತಿಂಗಳಲ್ಲಿ ಅದು ಮಧ್ಯಾಹ್ನ ಸುಮಾರು 3.40ರ ನಂತರ. ಭರಣಿ, ಕೃತ್ತಿಕೆ ಮಳೆಯ ಸಂಜೆಗಳು ಇದಕ್ಕೆ ಹೇಳಿ ಮಾಡಿಸಿದಂತಿರುತ್ತವೆ. ಮೈಸೂರಿನಿಂದ ತಿ. ನರಸೀಪುರದ ಕಡೆ, ಮಂಡ್ಯದಿಂದ ಮಳವಳ್ಳಿಯ ಕಡೆ ಮಳೆ ಸುರಿಯುತ್ತಿರಬೇಕು, ಪಶ್ಚಿಮ ತೆರೆದಿರಬೇಕು. ಹೆಚ್ಚಿನ ಸಲ ಕೈಕೊಡುವುದು ಈ ಪಶ್ಚಿಮವೇ. ಜುಲೈನಲ್ಲಿ ದಿನವಿಡೀ ಮಳೆ ಬಂದರೂ ಬಿಲ್ಲು ಅಪರೂಪ, ಮೋಡ ಬಿಸಿಲನ್ನೇ ಬಿಡುವುದಿಲ್ಲ.

ಬಿಲ್ಲು ಕಂಡರೆ ಅದರ ಹೊರಗೆ ಇನ್ನರ್ಧ ಗೇಣಿನೊಳಗೆ ಮತ್ತೊಂದನ್ನು ಹುಡುಕಿ. ಹನಿಯೊಳಗೆ ಎರಡು ಸಲ ತಿರುಗಿದ ಬೆಳಕು ಅದು. ಬಣ್ಣದ ಸಾಲು ತಿರುವುಮುರುವು, ನಡುವಿನ ಆಕಾಶ ತುಸು ಕಪ್ಪು.

ಮಳೆ ಇಲ್ಲದ ದಿನ ತೋಟದ ನೀರಿನ ಪೈಪ್ ಸಾಕು. ಬಾಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿ, ತಲೆಯ ನೆರಳಿನ ಸುತ್ತ ನೀರು ಚಿಮ್ಮಿಸಿ. ಹನಿಗಳು ಕಣ್ಣಿಗಿಂತ ಕೆಳಗೂ ಇರುವುದರಿಂದ ನಡುಮಧ್ಯಾಹ್ನವೂ ಆಗುತ್ತದೆ. ಕಪ್ಪು ನೆಲ ಅಥವಾ ದಟ್ಟ ಮರ ಹಿಂದಿದ್ದರೆ ಬಣ್ಣ ಎದ್ದು ಕಾಣುತ್ತದೆ. ಬಿಳಿ ಗೋಡೆಯ ಮುಂದೆ ಮಸುಕು. ನೀರು ತೀರಾ ಮಂಜಿನಂತಾದರೆ ಬಣ್ಣಗಳು ಒಂದರ ಮೇಲೊಂದು ಬಿದ್ದು ಬಿಲ್ಲು ಬೆಳ್ಳಗಾಗುತ್ತದೆ. ಆಗ ಹೆಬ್ಬೆರಳು ಸ್ವಲ್ಪ ಸಡಿಲಿಸಿ, ಹನಿ ದಪ್ಪವಾಗಲಿ.

ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ತೆಗೆಯಿರಿ, ಬಿಲ್ಲಿನ ನೆತ್ತಿಯನ್ನೇ ಅದು ಅಳಿಸಬಲ್ಲದು. ಪೂರ್ತಿ ಬಿಲ್ಲಿನ ಅಗಲ 84 ಡಿಗ್ರಿ. ಫೋನಿನ ಸಾಮಾನ್ಯ ಕ್ಯಾಮೆರಾದಲ್ಲಿ ಹಿಡಿಸುವುದಿಲ್ಲ, 0.5 ಲೆನ್ಸಿಗೆ ಹಾಕಿಕೊಂಡು ಅಡ್ಡ ಹಿಡಿಯಿರಿ.