ಜಿಪ್ಸಿಯ ಸ್ಟೀರಿಂಗ್ ನಡುಗಿದರೆ ಮೊದಲು ಕಿಂಗ್‌ಪಿನ್ ನೋಡಿ

ಗಾಡಿ ಐವತ್ತು, ಅರವತ್ತರಲ್ಲಿದೆ. ರಸ್ತೆಯಲ್ಲಿ ಒಂದು ಸಣ್ಣ ಗುಂಡಿ ಸಿಗುತ್ತದೆ. ಅಷ್ಟಕ್ಕೇ ಮುಂದಿನ ಚಕ್ರಗಳು ಎಡಕ್ಕೂ ಬಲಕ್ಕೂ ಬಡಿದುಕೊಳ್ಳಲು ಶುರು ಮಾಡುತ್ತವೆ, ಸ್ಟೀರಿಂಗ್ ಕೈಗೆ ಸಿಗುವುದಿಲ್ಲ. ವೇಗ ಪೂರ್ತಿ ಇಳಿಸುವ ತನಕ ಇದು ನಿಲ್ಲುವುದೂ ಇಲ್ಲ. ಮಾರುತಿ ಜಿಪ್ಸಿ ಇಟ್ಟುಕೊಂಡವರಿಗೆಲ್ಲ ಈ ಕಾಯಿಲೆಯ ಪರಿಚಯವಿದೆ. 1985ರ ಕೊನೆಗೆ ಬಂದ ಗಾಡಿ ಇದು. 2019ರಲ್ಲಿ ಜನಸಾಮಾನ್ಯರಿಗೆ ಮಾರುವುದು ನಿಂತರೂ ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ಕಾಫಿ ತೋಟಗಳಲ್ಲಿ ಇನ್ನೂ ದುಡಿಯುತ್ತಿದೆ.

ನಡುಗುತ್ತಿದೆ ಅಂದ ಕೂಡಲೇ ಗ್ಯಾರೇಜಿನಲ್ಲಿ ಸ್ಟೀರಿಂಗ್ ಡ್ಯಾಂಪರ್ (ನಡುಕ ಹೀರುವ, ಶಾಕ್ ಅಬ್ಸಾರ್ಬರಿನಂಥದ್ದು) ಹಾಕಿಸಿ ಅನ್ನುತ್ತಾರೆ. ಹಾಕಿಸಿದರೆ ನಡುಕ ಕಮ್ಮಿ ಆಗುತ್ತದೆ, ನಿಜ. ಆದರೆ ಮುಂದಿನ ಚಕ್ರಗಳು ಎಡಬಲ ತಿರುಗುವುದು ಕಿಂಗ್‌ಪಿನ್ ಅನ್ನುವ ಗಟ್ಟಿ ಗೂಟಗಳ ಮೇಲೆ, ಅವುಗಳ ಸವೆದ ಬೇರಿಂಗ್ ಸವೆಯುತ್ತಲೇ ಇರುತ್ತದೆ. ಕೆಲವು ತಿಂಗಳಲ್ಲಿ ಡ್ಯಾಂಪರ್ ಕೈಕೊಟ್ಟಾಗ ಕಾಯಿಲೆ ಇಮ್ಮಡಿಯಾಗಿ ವಾಪಸ್ ಬರುತ್ತದೆ. ಸ್ಪ್ಯಾನರ್ ಹಿಡಿದು ಅಭ್ಯಾಸವಿದ್ದು, ಒಂದು ವಾರಾಂತ್ಯ ಬಿಡುವಿದ್ದರೆ ಇದನ್ನು ಮನೆಯಲ್ಲೇ ಸರಿಮಾಡಬಹುದು.

ಖರ್ಚಿಲ್ಲದ ಕೆಲಸ ಮೊದಲು

ಟೈರಿನ ಗಾಳಿ ನೋಡಿ. ಇದು ಒಂದು ಟನ್ ಆಸುಪಾಸಿನ ಗಾಡಿ, ಕಾರಿಗೆ ತುಂಬಿದ ಹಾಗೆ 35 ತುಂಬಬೇಡಿ. 24 ಪಿಎಸ್‌ಐ ಸಾಕು. ವ್ಹೀಲ್ ಬ್ಯಾಲೆನ್ಸ್ ಮಾಡಿಸಿ. ಚಂದಕ್ಕೆ ಅಂತ ಆಚೆ ಚಾಚಿಕೊಳ್ಳುವ ಅಗಲದ ಅಲಾಯ್ ಹಾಕಿಸಿದ್ದರೆ ಅದೂ ನಡುಕಕ್ಕೆ ಕಾರಣವೇ. ಗಾಡಿ ಎತ್ತರ ಕಾಣಲಿ ಅಂತ ಉದ್ದದ ಶ್ಯಾಕಲ್ (ಸ್ಪ್ರಿಂಗ್ ಪಟ್ಟಾದ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿಸಿಕೊಂಡವರಂತೂ ಮೊದಲು ಅದನ್ನು ತೆಗೆಯಿರಿ. ಮುಂದಿನ ಶ್ಯಾಕಲ್ ಉದ್ದವಾದಷ್ಟೂ ಆಕ್ಸಲ್ ಮುಂದಕ್ಕೆ ವಾಲಿ ಕ್ಯಾಸ್ಟರ್, ಅಂದರೆ ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನ, ಕಮ್ಮಿ ಆಗುತ್ತದೆ, ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಎತ್ತರ ಬೇಕೇ ಬೇಕೆಂದರೆ ಒಳ್ಳೆಯ ಪಟ್ಟಾ ಹಾಕಿಸಿ.

ಪ್ಲೇ (ಸಡಿಲ) ಎಲ್ಲಿದೆ?

ಹಿಂದಿನ ಚಕ್ರಗಳಿಗೆ ಮರದ ತುಂಡು ಕೊಡಿ. ಮುಂದಿನ ಆಕ್ಸಲ್ ಎತ್ತಿ ಜ್ಯಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ಇಟ್ಟಿಗೆ, ಸೈಜುಗಲ್ಲು ಬೇಡವೇ ಬೇಡ. ಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಲೂಸಾಗಿ ಟಕ್ ಟಕ್ ಅಂದರೆ ಒಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಲು ಹೇಳಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಪ್ಲೇ ಮಾಯವಾದರೆ ತಪ್ಪು ವ್ಹೀಲ್ ಬೇರಿಂಗಿನದು. ಹಾಗೇ ಉಳಿದರೆ ಕಿಂಗ್‌ಪಿನ್ ಬೇರಿಂಗಿನದು. ಎಡಬಲ ಹಿಡಿದಾಗ ಆಡಿದರೆ ಟೈ ರಾಡ್ ಎಂಡ್ (ಎರಡೂ ಚಕ್ರಗಳನ್ನು ಜೋಡಿಸುವ ಸ್ಟೀರಿಂಗ್ ಸರಳಿನ ತುದಿ), ಸ್ಟೀರಿಂಗ್ ಬಾಕ್ಸ್ ಕಡೆ ನೋಡಿ.

ಬಿಚ್ಚುವುದು

ಇದು ಸಲೀಸು. ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ತೂಗುಹಾಕಿ, ಅದರ ಭಾರ ಬ್ರೇಕ್ ಹೋಸಿನ ಮೇಲೆ ಬೀಳಬಾರದು. ಹಬ್, ಡಿಸ್ಕ್, ಸ್ಪಿಂಡಲ್ ಒಂದರ ಹಿಂದೆ ಒಂದು ಬರುತ್ತವೆ. ಆಕ್ಸಲ್ ಶಾಫ್ಟನ್ನು ಮಾತ್ರ ನೇರಕ್ಕೆ ಎಳೆಯಿರಿ. ಓರೆಯಾದರೆ ಒಳಗಿನ ಆಯಿಲ್ ಸೀಲ್ ಹರಿಯುತ್ತದೆ. ಟೈ ರಾಡ್ ಎಂಡ್ ಬಿಡಿಸುವಾಗ ಥ್ರೆಡ್ ಮೇಲೆ ಹೊಡೆಯಬೇಡಿ, ಪುಲ್ಲರ್ ಹಾಕಿ. ನಕಲ್ (knuckle, ಚಕ್ರವನ್ನು ಹೊತ್ತು ಕಿಂಗ್‌ಪಿನ್ ಮೇಲೆ ತಿರುಗುವ ಭಾಗ) ಹಿಂದಿನ ಸೀಲಿನ ಬೋಲ್ಟುಗಳನ್ನು ತೆಗೆದು, ಮೇಲಿನ ಮತ್ತು ಕೆಳಗಿನ ಕಿಂಗ್‌ಪಿನ್ ಬಿಚ್ಚಿದರೆ ನಕಲ್ ಕೈಗೆ ಬರುತ್ತದೆ. ಕೆಳಗಿನ ಬೇರಿಂಗ್ ಪಟಕ್ಕನೆ ಬೀಳುತ್ತದೆ, ಕೈ ಕೊಟ್ಟಿರಿ.

ಯಾವ ಪಿನ್ ಮೇಲಿನದು, ಯಾವುದು ಕೆಳಗಿನದು, ಯಾವುದರ ಅಡಿಯಲ್ಲಿ ಎಷ್ಟು ಶಿಮ್ (ತೆಳ್ಳನೆ ಲೋಹದ ಬಿಲ್ಲೆ) ಇತ್ತು ಅನ್ನುವುದನ್ನು ಬರೆದಿಡಿ. ನಾಲ್ಕೂ ಪಿನ್‌ಗಳನ್ನು ಒಂದೇ ಡಬ್ಬಕ್ಕೆ ಹಾಕಿ ಸೀಮೆಎಣ್ಣೆಯಲ್ಲಿ ತೊಳೆದು, ಆಮೇಲೆ ತಲೆ ಕೆರೆದುಕೊಂಡು ಕೂತವರನ್ನು ನೋಡಿದ್ದೇನೆ.

ಬೇರಿಂಗ್

ಹಳೇ ಬೇರಿಂಗನ್ನೇ ಅಂಗಡಿಗೆ ಒಯ್ಯಿರಿ, ನಂಬರ್ ಅದರ ಮೇಲೇ ಇರುತ್ತದೆ. ಬೆಂಗಳೂರಿನವರಿಗೆ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆ ಇದ್ದೇ ಇದೆ. ಹೆಸರಿಲ್ಲದ ಪೆಟ್ಟಿಗೆಯ ಅಗ್ಗದ ಬೇರಿಂಗ್ ತರಬೇಡಿ. ಉಳಿಯುವ ದುಡ್ಡು ಒಂದು ಊಟಕ್ಕಾಗಬಹುದು, ಕೆಲಸ ಮಾತ್ರ ಎರಡು ಸಲ. ಹೊಸ ಬೇರಿಂಗನ್ನು ಕಿಂಗ್‌ಪಿನ್ನಿಗೆ ಹಾಕಿ ನೋಡಿ. ಪಿನ್ ಸವೆದು ಬೇರಿಂಗ್ ಅದರ ಮೇಲೆ ಲೊಡಲೊಡ ಅಂದರೆ ಪಿನ್ನೂ ಹೊಸದೇ ಬೇಕು. ವೆಲ್ಡಿಂಗ್ ತುಂಬಿಸಿ ಲೇತಿನಲ್ಲಿ ತಿರುವಿಕೊಡುತ್ತೇವೆ ಅನ್ನುವವರಿದ್ದಾರೆ. ನಾನಂತೂ ಒಪ್ಪುವುದಿಲ್ಲ.

ಹಳೇ ಕಪ್ಪನ್ನು (ಬೇರಿಂಗಿನ ಹೊರಗಿನ ಬಳೆ) ಹಿತ್ತಾಳೆ ರಾಡಿನಿಂದ ಸುತ್ತಲೂ ಸಮವಾಗಿ ತಟ್ಟಿ ತೆಗೆಯಿರಿ. ಹೊಸದನ್ನು ಕೂರಿಸುವಾಗ ಅದರ ಮೇಲೆ ಹಳೇ ಕಪ್ ಇಟ್ಟು ಹೊಡೆಯಿರಿ. ಪೂರ್ತಿ ಕೂತ ಮೇಲೆ ಏಟಿನ ಸದ್ದೇ ಬದಲಾಗುತ್ತದೆ.

ಶಿಮ್: ಎಲ್ಲರೂ ಎಡವುವುದು ಇಲ್ಲೇ

ಕಿಂಗ್‌ಪಿನ್ ಬೇರಿಂಗುಗಳು ಟೇಪರ್ ರೋಲರ್ ಜಾತಿಯವು. ಮೇಲಿನಿಂದಲೂ ಕೆಳಗಿನಿಂದಲೂ ಪಿನ್‌ಗಳು ಇವುಗಳನ್ನು ಒತ್ತಿ ಹಿಡಿದಿರಬೇಕು. ಆ ಒತ್ತಡ ಎಷ್ಟು ಅನ್ನುವುದನ್ನು ನಿರ್ಧರಿಸುವುದು ಪಿನ್ನಿಗೂ ನಕಲಿಗೂ ನಡುವೆ ಕೂರುವ ತೆಳ್ಳನೆ ಶಿಮ್. ಶಿಮ್ ತೆಗೆದರೆ ಪಿನ್ ಒಳಗೆ ಹೋಗಿ ಬಿಗಿಯಾಗುತ್ತದೆ. ಸೇರಿಸಿದರೆ ಸಡಿಲ. ಇದನ್ನು ಉಲ್ಟಾ ತಿಳಿದುಕೊಂಡು ಇಡೀ ದಿನ ಕಳೆಯುವವರಿದ್ದಾರೆ.

ಸುಮ್ನೆ ಕೈಯಲ್ಲಿ ತಿರುಗಿಸಿ ನೋಡಿ "ಸರಿಯಿದೆ" ಅನ್ನಬೇಡಿ. ಕೈಗೆ ಇದು ಗೊತ್ತಾಗುವುದಿಲ್ಲ. ಒಂದು ಸ್ಪ್ರಿಂಗ್ ತಕ್ಕಡಿ ತನ್ನಿ, ಮೀನು ಮಾರುವವರ ಹತ್ತಿರ ಇರುತ್ತದಲ್ಲ, ಕೊಕ್ಕೆಯದ್ದು. ಆದರೆ ಸಣ್ಣ ಅಳತೆಯದ್ದು ಬೇಕು. ಐವತ್ತು ಕೇಜಿಯದ್ದರಲ್ಲಿ ಒಂದು ಕೇಜಿಯ ವ್ಯತ್ಯಾಸ ಕಾಣುವುದಿಲ್ಲ.

ಬೇರಿಂಗಿಗೆ ಗ್ರೀಸ್ ಮೆತ್ತಿ, ನಕಲ್ ಕೂರಿಸಿ, ಎರಡೂ ಪಿನ್ ಬಿಗಿ ಮಾಡಿ. ಈ ಹೊತ್ತಿಗೆ ಆಕ್ಸಲ್ ಶಾಫ್ಟ್ ಒಳಗಿರಬಾರದು, ಟೈ ರಾಡ್ ಕಟ್ಟಿರಬಾರದು, ಮುಖ್ಯವಾಗಿ ನಕಲ್ ಸೀಲ್ ಹಾಕಿರಬಾರದು. ಸೀಲಿನ ಹಿಡಿತವನ್ನೇ ಬೇರಿಂಗಿನ ಬಿಗಿ ಅಂದುಕೊಂಡರೆ ಲೆಕ್ಕವೆಲ್ಲ ತಪ್ಪುತ್ತದೆ. ನಕಲನ್ನು ಹತ್ತಾರು ಸಲ ಆಚೀಚೆ ತಿರುಗಿಸಿ, ರೋಲರುಗಳು ತಮ್ಮ ಜಾಗ ಹಿಡಿಯಲಿ. ಆಮೇಲೆ ಟೈ ರಾಡ್ ಕೂರುವ ತೂತಿಗೆ ತಕ್ಕಡಿಯ ಕೊಕ್ಕೆ ಹಾಕಿ, ನಕಲ್ ತೋಳಿಗೆ 90 ಡಿಗ್ರಿ ಕೋನದಲ್ಲಿ ನಿಧಾನಕ್ಕೆ ಎಳೆಯಿರಿ. ನಕಲ್ ಕದಲಲು ಶುರುವಾಗುವ ಗಳಿಗೆಯಲ್ಲಿ ಮುಳ್ಳು 1ರಿಂದ 1.8 ಕೇಜಿ ಒಳಗೆ ಇರಬೇಕು. ನನಗೆ ಒಂದೂವರೆಯ ಹತ್ತಿರ ಇಷ್ಟ, ಹೊಸ ಬೇರಿಂಗ್ ಓಡಿದ ಮೇಲೆ ಸ್ವಲ್ಪ ಇಳಿಯುತ್ತದೆ.

ಕಮ್ಮಿ ಬಂತೇ? ಶಿಮ್ ತೆಗೆಯಿರಿ. ಆದರೆ ಮೇಲಿಂದ ಎಷ್ಟೋ ಕೆಳಗಿಂದಲೂ ಅಷ್ಟೇ. ಮೇಲಿನದು ಕೈಗೆ ಸುಲಭಕ್ಕೆ ಸಿಗುತ್ತದೆ ಅಂತ ಅದರಿಂದಲೇ ಎಲ್ಲಾ ತೆಗೆದುಬಿಡುತ್ತಾರೆ. ಆಗ ನಕಲ್ ಮಧ್ಯ ಬಿಟ್ಟು ಸರಿಯುತ್ತದೆ, ಸೀಲ್ ಒಂದು ಬದಿ ಉಜ್ಜಿ ಬೇಗ ಹಾಳಾಗುತ್ತದೆ. ಜಾಸ್ತಿ ಬಂದರೆ ಎರಡೂ ಕಡೆ ಸೇರಿಸಿ. "ಬಿಗಿ ಇದ್ದಷ್ಟೂ ಒಳ್ಳೆಯದು" ಅನ್ನುವುದೂ ತಪ್ಪು. ಅತಿ ಬಿಗಿಯಾದರೆ ತಿರುವಿನ ನಂತರ ಸ್ಟೀರಿಂಗ್ ವಾಪಸ್ ಬರುವುದಿಲ್ಲ, ಬೇರಿಂಗೂ ಬೇಗ ಹೋಗುತ್ತದೆ. ಶಿಮ್ ಸಿಗಲಿಲ್ಲ ಅಂತ ತಗಡಿನ ಡಬ್ಬ ಕತ್ತರಿಸಿ ಹಾಕಬೇಡಿ. ಅದರ ದಪ್ಪ ಸಮ ಇರುವುದಿಲ್ಲ.

ಪ್ರತಿ ಸಲ ಶಿಮ್ ಬದಲಿಸಿದಾಗಲೂ ತಿರುಗಿಸಿ, ಮತ್ತೆ ಅಳೆಯಿರಿ. ಬೇಜಾರಿನ ಕೆಲಸ. ಇನ್ನೊಂದು ಬದಿಯದೂ ಹೀಗೇ ಮಾಡಬೇಕು. ಒಂದೇ ಕಡೆ ಮಾಡಿ ಬಿಡುವುದಾದರೆ ಶುರುವೇ ಮಾಡಬೇಡಿ.

ಜೋಡಿಸುವುದು

ನಕಲ್ ಸೀಲಿನ ಜೊತೆ ಒಳಗಿನ ಆಕ್ಸಲ್ ಆಯಿಲ್ ಸೀಲನ್ನೂ ಬದಲಿಸಿ. ಒಳಗಿನದು ಸೋರಿದರೆ ಡಿಫರೆನ್ಷಿಯಲ್ ಆಯಿಲ್ ನಕಲ್ ಒಳಗೆ ಬಂದು ಗ್ರೀಸನ್ನು ನೀರು ಮಾಡುತ್ತದೆ. ಅದು ಹೊರಗೆ ಸುರಿದಾಗ ಪಾಪ, ಹೊರಗಿನ ಸೀಲನ್ನು ಬೈಯುತ್ತಾರೆ. ಡೂಪ್ಲಿಕೇಟ್ ಸೀಲ್ ಬೇಗ ಗಟ್ಟಿಯಾಗಿ ಬಿರಿಯುತ್ತದೆ, ಇದೊಂದಕ್ಕೆ ಕಂಪನಿಯದ್ದೇ ತನ್ನಿ. ಆಕ್ಸಲ್ ಶಾಫ್ಟಿನ ತುದಿಯ ಕೀಲಿಗೆ, ಅಂದರೆ ಸಿವಿ ಜಾಯಿಂಟಿಗೆ, ಮಾಲಿ (ಮಾಲಿಬ್ಡಿನಮ್) ಗ್ರೀಸ್ ತುಂಬಿ. ಮಿಕ್ಕದ್ದೆಲ್ಲ ಬಿಚ್ಚಿದ್ದರ ಉಲ್ಟಾ, ಟೈ ರಾಡಿಗೆ ಮಾತ್ರ ಹೊಸ ಸ್ಪ್ಲಿಟ್ ಪಿನ್. ಚಕ್ರ ಇಳಿಸುವ ಮೊದಲು ಬ್ರೇಕ್ ಪೆಡಲನ್ನು ಗಟ್ಟಿಯಾಗುವ ತನಕ ಒತ್ತಿ. ಟೋ-ಇನ್ (ಮುಂದಿನ ಚಕ್ರಗಳು ಒಳಮುಖವಾಗಿರುವ ಅಳತೆ) ಚೆಕ್ ಮಾಡಿಸಿ.

ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಕಿಂಗ್‌ಪಿನ್ ಬೋಲ್ಟುಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ. ನಕಲ್ ಹಿಂದೆ ಕಾಣುವ ಆಕ್ಸಲ್ ತುದಿಯ ಗುಂಡಿನ ಮೇಲೆ ತೆಳ್ಳಗೆ ಗ್ರೀಸ್ ಪಸೆ ಇದ್ದರೆ ಚಿಂತೆಯಿಲ್ಲ. ತೊಟ್ಟಿಕ್ಕುತ್ತಿದ್ದರೆ ಬೆರಳಿಗೆ ಹಚ್ಚಿ ಮೂಸಿ ನೋಡಿ. ಗೇರ್ ಆಯಿಲಿನ ಗಂಧಕದ ಘಾಟು ಬಂದರೆ ಒಳಗಿನ ಸೀಲ್ ಸರಿಯಾಗಿ ಕೂತಿಲ್ಲ, ಆ ಬದಿ ಮತ್ತೆ ಬಿಚ್ಚಬೇಕು.