ಮಂಡ್ಯದ ಒಂದು ಎಎಚ್‌ಯು, ನಾಲ್ಕು ಯುವಿ ಟ್ಯೂಬು

"ಇದೇನ್ರೀ, ಸೊಳ್ಳೆ ಹೊಡೆಯೋ ಲೈಟಾ?" ಅಂತ, ಎಸಿ ಒಳಗೆ ಕ್ರಿಮಿ ಕೊಲ್ಲೋಕೆ ನಾನಿಟ್ಟ ಯುವಿ (ಅತಿನೇರಳೆ) ಟ್ಯೂಬು ನೋಡಿ ನಕ್ಕಿದ್ದ ಡಾಕ್ಟರೇ ಹೋದ ತಿಂಗಳು ಫೋನ್ ಮಾಡಿ, ಮೈಸೂರಿನಲ್ಲಿರುವ ಅವರ ತಮ್ಮನ ಆಸ್ಪತ್ರೆಗೂ ಒಂದು ಹಾಕಿಕೊಡಬೇಕು ಅಂದರು. ಈ ಒಂದು ಫೋನ್ ಬರೋಕೆ ಎರಡು ವರ್ಷ ಹಿಡಿಯಿತು.

ನಾನು ಮಂಡ್ಯದಲ್ಲಿ ಎಸಿ ಕೆಲಸ ಮಾಡುವವನು. ಇದು ಮೂವತ್ತು ಬೆಡ್‌ನ ಒಂದು ನರ್ಸಿಂಗ್ ಹೋಮ್ ಕಥೆ. ಓಟಿಗೆ (ಆಪರೇಷನ್ ಕೋಣೆಗೆ) ಬೇರೆ ಎಎಚ್‌ಯು, ಅಂದರೆ ಗಾಳಿ ತಣ್ಣಗೆ ಮಾಡಿ ತಳ್ಳುವ ಪೆಟ್ಟಿಗೆ ಇದೆ, ಹೆಪಾ ಅನ್ನೋ ಅತಿ ಸೂಕ್ಷ್ಮ ಫಿಲ್ಟರ್ ಇದೆ, ಅದನ್ನು ನಾನು ಮುಟ್ಟಿಲ್ಲ. ತಲೆನೋವಾಗಿದ್ದು ಐಸಿಯು ಮತ್ತು ಪಕ್ಕದ ವಾರ್ಡಿಗೆ ಸೇರಿ ಇರುವ ಎಂಟೂವರೆ ಟನ್ನಿನ ಡಕ್ಟೆಬಲ್ ಯೂನಿಟ್, ಅಂದರೆ ಡಕ್ಟ್ ಎಂಬ ತಗಡಿನ ಕೊಳವೆಯಲ್ಲಿ ಗಾಳಿ ಕಳಿಸುವ ಎಸಿ. ನಮ್ಮೂರು ನಿಮಗೇ ಗೊತ್ತಲ್ಲ. ಸುತ್ತ ನಾಲೆ ನೀರು, ಗದ್ದೆ. ಕಬ್ಬು ಅರೆಯುವ ಕಾಲಕ್ಕೆ ಮಸಿ. ಎರಡು ತಿಂಗಳಿಗೊಮ್ಮೆ ಗಾಳಿ ತಣ್ಣಗೆ ಮಾಡುವ ಕಾಯಿಲ್ ತೊಳೆಯುತ್ತಿದ್ದೆ, ಮೂರನೇ ವಾರಕ್ಕೇ ಒದ್ದೆ ಸಾಕ್ಸ್ ವಾಸನೆ. ಕಾಯಿಲ್ ನೀರು ತೊಟ್ಟಿಕ್ಕುವ ಡ್ರೈನ್ ಟ್ರೇಯಲ್ಲಿ ಬೆರಳಿಟ್ಟರೆ ಬೆಂಡೆಕಾಯಿ ಲೋಳೆ ಥರ ಎಳೆ ಎಳೆಯಾಗಿ ಬರುತ್ತಿತ್ತು.

ಮೊದಲನೇ ಸಲ ಮಾಡಿದ್ದು ಶುದ್ಧ ಪೆದ್ದತನ. 30 ವ್ಯಾಟಿನ ಎರಡು ಟ್ಯೂಬನ್ನು ಸಪ್ಲೈ ಡಕ್ಟ್ ಒಳಗೆ ಉದ್ದಕ್ಕೆ ಕಟ್ಟಿದೆ. ಅಲ್ಲಿ ಗಾಳಿ ನಿಮಿಷಕ್ಕೆ ಹತ್ತಿರ ಹತ್ತಿರ 1400 ಅಡಿ ಓಡುತ್ತೆ. ಮೂರಡಿ ಟ್ಯೂಬಿನ ಮುಂದೆ ಗಾಳಿ ನಿಲ್ಲೋದು ಸೆಕೆಂಡಿನ ಎಂಟನೇ ಒಂದು ಭಾಗ. ಅಷ್ಟರಲ್ಲಿ ಏನು ಸಾಯುತ್ತೆ? ಲ್ಯಾಬ್ ಹುಡುಗ ಕ್ರಿಮಿ ಬೆಳೆಸಿ ಎಣಿಸುವ ಬ್ಲಡ್ ಅಗಾರ್ ಪ್ಲೇಟುಗಳನ್ನು ಐಸಿಯು ನಾಲ್ಕು ಮೂಲೆಯಲ್ಲಿ ಒಂದು ಗಂಟೆ ತೆರೆದಿಟ್ಟ. ಟ್ಯೂಬ್ ಹಾಕೋ ಮೊದಲೂ ನಲವತ್ತರ ಆಸುಪಾಸು ಕಾಲೊನಿ (ಕ್ರಿಮಿಗಳ ಗುಂಪು), ಆಮೇಲೂ ನಲವತ್ತರ ಆಸುಪಾಸು. ಹದಿನಾಲ್ಕು ಸಾವಿರ ನೀರಿಗೆ ಹೋಯಿತು. ಅದೂ ಸಾಲದು ಅಂತ, ಅಗ್ಗ ಅಂತ ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತಂದ ಟ್ಯೂಬು ಓಝೋನ್ ಬಿಡುವ ಜಾತಿಯದು. "ವಾರ್ಡೆಲ್ಲ ಜೆರಾಕ್ಸ್ ಅಂಗಡಿ ಥರ ನಾತ, ಗಂಟಲು ಕೆರೆಯುತ್ತೆ" ಅಂತ ಸಿಸ್ಟರ್ ಒಬ್ಬರು ಜಗಳಕ್ಕೇ ಬಂದರು. ಕ್ರಿಮಿ ಕೊಲ್ಲುವ 254 ನ್ಯಾನೊಮೀಟರ್ ತರಂಗದ ಬೆಳಕಿನ ಜೊತೆ, ಓಝೋನ್ ಹುಟ್ಟಿಸುವ 185 ಕೂಡ ಹೊರಗೆ ಬಿಡುವ ಗಾಜು ಅದು. ಓಝೋನ್ ಫ್ರೀ ಅಂತ ಬರೆದಿಲ್ಲದ ಟ್ಯೂಬನ್ನು ಆಮೇಲೆ ಪುಕ್ಕಟೆ ಕೊಟ್ಟರೂ ತಗೊಂಡಿಲ್ಲ.

ಎಲ್ಲ ಬಿಚ್ಚಿ ಗುಜರಿಗೆ ಹಾಕಬೇಕು ಅಂತಿದ್ದಾಗ ಅಲ್ಲಿನ ಹಿರಿಯ ಫಿಸಿಷಿಯನ್ ಒಂದು ಕಥೆ ಹೇಳಿದರು. 1950ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ರೈಲಿ, ವೆಲ್ಸ್ ಅನ್ನುವವರು ಕ್ಷಯದ ವಾರ್ಡಿನ ಗಾಳಿಯನ್ನು ಡಕ್ಟ್‌ನಲ್ಲಿ ಗಿನಿಪಿಗ್‌ಗಳ ಗೂಡಿಗೆ ಬಿಟ್ಟರಂತೆ. ನೇರ ಗಾಳಿ ಕುಡಿದವುಗಳಿಗೆ ಕ್ಷಯ ಬಂತು. ಯುವಿ ಹಾದು ಬಂದ ಗಾಳಿ ಕುಡಿದವುಗಳಿಗೆ ಬರಲಿಲ್ಲ. "ಲೈಟು ಸುಳ್ಳಲ್ಲಪ್ಪ, ನೀನು ಇಟ್ಟ ಜಾಗ ಸುಳ್ಳು" ಅಂದರು.

ಆ ಮಾತು ಚುಚ್ಚಿತು. ಗಾಳಿ ಓಡಿಹೋಗುತ್ತೆ, ಕಾಯಿಲ್ ಎಲ್ಲೂ ಹೋಗಲ್ಲ ಅಲ್ವಾ? ಬೆಳಕನ್ನು ಕಾಯಿಲ್ ಮೇಲೆ ಬಿಟ್ಟು ಇಪ್ಪತ್ತನಾಲ್ಕು ಗಂಟೆ ಉರಿಸಿದರೆ ಡೋಸ್ ತಾನಾಗೇ ಕೂಡುತ್ತಾ ಹೋಗುತ್ತೆ. ಲೋಳೆ ಬೆಳೆಯೋದೇ ಅಲ್ಲಿ, ಅಲ್ಲಿಂದಲೇ ವಾರ್ಡಿಗೆ ಹಾರೋದು. ಕಾಯಿಲ್ ಎದುರು ಗಾಳಿ ಓಡುವುದೂ ನಿಧಾನ, ನಿಮಿಷಕ್ಕೆ ಐನೂರು ಅಡಿ ಇರಬಹುದು. ಹಾಗಾಗಿ ಕಾಯಿಲ್ ಆಚೆ ಬದಿ, ಟ್ರೇಗೂ ಬೀಳುವ ಹಾಗೆ 36 ವ್ಯಾಟಿನ ಟ್ಯೂಬ್ ಹಾಕಿದೆ. ಲೆಕ್ಕದ ಪ್ರಕಾರ ಮೂರು ಸಾಕಿತ್ತು. ಕಾಲೇಜಿನ ಸ್ನೇಹಿತನಿಂದ ಯುವಿ ಮೀಟರ್ ತಂದು ಹಿಡಿದರೆ, ತಣ್ಣನೆ ಗಾಳಿ ಬಡಿದ ಕೂಡಲೇ ಟ್ಯೂಬಿನ ಶಕ್ತಿ ಅರ್ಧಕ್ಕೆ ಹತ್ತಿರ ಇಳಿಯಿತು. ನಾಲ್ಕನೆಯದು ಹಾಕಿದೆ. ಬೆಳಕು ಕಾಯಿಲ್ ಕಡೆ ತಿರುಗಲಿ ಅಂತ ಟ್ಯೂಬಿನ ಹಿಂದೆ ಮಿರಮಿರ ಮಿನುಗುವ ಸ್ಟೇನ್‌ಲೆಸ್ ಸ್ಟೀಲ್ ಶೀಟ್ ಕೊಟ್ಟಿದ್ದೆ. ಅದು ನಮ್ಮ ಕಣ್ಣಿಗೆ ಕನ್ನಡಿ, 254ಕ್ಕೆ ಕರಿಹಲಗೆ. ಕಿತ್ತು ಅಲ್ಯೂಮಿನಿಯಂ ಶೀಟ್ ಹಾಕಿದ ಮೇಲೆ ಮೀಟರ್ ಮುಳ್ಳು ಏರಿತು. ಟ್ಯೂಬಿನಿಂದ ಕಾಯಿಲ್‌ಗೆ ಎಷ್ಟು ಇಂಚು, ಶೀಟನ್ನು ಹೇಗೆ ಬಗ್ಗಿಸಿದೆ ಅನ್ನೋದನ್ನು ಮಾತ್ರ ಕೇಳಬೇಡಿ. ಹೊಟ್ಟೆಪಾಡು.

ಆರು ವಾರಕ್ಕೆ ಬಾಗಿಲು ತೆಗೆದರೆ ಕಾಯಿಲ್‌ನ ತೆಳು ತಗಡು, ಅಂದರೆ ಫಿನ್, ಹೊಸದರ ಹಾಗಿತ್ತು. ಕಾಯಿಲ್ ದಾಟುವಾಗ ಗಾಳಿ ಕಳೆದುಕೊಳ್ಳುವ ಒತ್ತಡ (ಪ್ರೆಶರ್ ಡ್ರಾಪ್) ನೀರಿನ ಲೆಕ್ಕದಲ್ಲಿ 19 ಮಿಲಿಮೀಟರ್ ಇದ್ದದ್ದು 13ಕ್ಕೋ 14ಕ್ಕೋ ಬಂದಿತ್ತು. ವಾಸನೆ ಪೂರ್ತಿ ಹೋಯಿತು. ಪ್ಲೇಟಿನಲ್ಲಿ ಕಾಲೊನಿ ಹದಿನೈದರ ಹತ್ತಿರ. ಆದರೆ ಭಾನುವಾರ ನೆಂಟರಿಷ್ಟರು ನುಗ್ಗಿದರೆ ಮತ್ತೆ ಮೂವತ್ತು. ಅದಕ್ಕೇ ನಾನು ಇನ್‌ಫೆಕ್ಷನ್ ಇಷ್ಟು ಕಮ್ಮಿ ಆಯ್ತು ಅಂತ ಬಾಯಿ ಬಿಡಲ್ಲ. ಪಕ್ಕದ ಬೆಡ್‌ನವನು ಕೆಮ್ಮಿದರೆ ಅದು ಎಎಚ್‌ಯುಗೆ ಹೋಗಿ ಬರುವ ತನಕ ಕಾಯುತ್ತಾ? ಹೊರಗಿನ ಹೊಸ ಗಾಳಿ ಒಳಗೆ ಬಿಡುವ ಡ್ಯಾಂಪರ್ (ತಗಡಿನ ಕದ) ಮುಚ್ಚಿಕೊಂಡು ಯುವಿ ಹಾಕಿಸಿ ಅನ್ನುವವರಿಗೆ ನಾನು ಮೊದಲು ಡ್ಯಾಂಪರ್ ತೆಗೆಸುತ್ತೇನೆ.

ಖರ್ಚು ಎಲ್ಲ ಸೇರಿ ಮೂವತ್ತೆಂಟು ಸಾವಿರ ಅಂದುಕೊಳ್ಳಿ, ಹಾಳಾದ ಹದಿನಾಲ್ಕು ಬಿಟ್ಟು. ಕರೆಂಟು ತಿಂಗಳಿಗೆ ಒಂದು ನೂರಹದಿನೈದು ಯೂನಿಟ್, ಸಾವಿರ ರೂಪಾಯಿ. ಕಾಯಿಲ್ ತೊಳೆಯೋಕೆ ಪ್ರತಿ ಸಲ ಮೂರೂವರೆ ಸಾವಿರ ತಗೊಳ್ತಿದ್ದೆ. ಈಗ ವರ್ಷಕ್ಕೆ ಒಂದೇ ಸಲ. ನನ್ನ ಬಿಲ್ಲಿಗೆ ನಾನೇ ಕತ್ತರಿ ಹಾಕಿಕೊಂಡೆ ಅಂತ ಮನೆಯಲ್ಲಿ ಬೈಗುಳ.

ಪೆಟ್ಟು ತಿಂದಿದ್ದು ಇನ್ನೂ ಇದೆ. ನಾಲ್ಕೇ ತಿಂಗಳಿಗೆ ಪಿವಿಸಿ ಡ್ರೈನ್ ಪೈಪ್ ಹಪ್ಪಳವಾಗಿ ಒಡೆದು ಫಾಲ್ಸ್ ಸೀಲಿಂಗ್ ಮೇಲೆ ನೀರು. ರಿಪೇರಿಗೆ ಆರು ಸಾವಿರ ನನ್ನ ಕೈಯಿಂದ. ಬೆಳಕು ಬೀಳುವ ಕಡೆ ವೈರು, ಪೈಪು, ಫಿಲ್ಟರ್ ಬಟ್ಟೆ ಏನೇ ಇದ್ದರೂ ಈಗ ಲೋಹದ ತಗಡು ಮುಚ್ಚುತ್ತೇನೆ. ಇನ್ನೊಂದು ದಿನ ಅವಸರದಲ್ಲಿ ಟ್ಯೂಬ್ ಆರಿಸದೆ ಬಾಗಿಲು ತೆಗೆದು ಐದು ನಿಮಿಷ ಇಣುಕಿದೆ. ಆಗ ಏನೂ ಅನಿಸಲಿಲ್ಲ. ರಾತ್ರಿ ಹನ್ನೊಂದಕ್ಕೆ ಕಣ್ಣಿಗೆ ಮೆಣಸಿನಪುಡಿ ತುಂಬಿದ ಹಾಗಾಗಿ ಬೆಳಗಿನ ತನಕ ಕೂತೇ ಇದ್ದೆ. ಮಾರನೇ ದಿನವೇ ಬಾಗಿಲಿಗೆ, ತೆಗೆದ ಕೂಡಲೇ ಟ್ಯೂಬ್ ಆರಿಸುವ ಲಿಮಿಟ್ ಸ್ವಿಚ್ ಬಂತು, ಜೊತೆಗೆ ಅಂಗೈಯಗಲದ ಗಾಜಿನ ಕಿಂಡಿ. ಮಾಮೂಲಿ ಕಿಟಕಿ ಗಾಜು ಸಾಕು, ಈ ಟ್ಯೂಬಿನ ಯುವಿ (ಯುವಿ-ಸಿ ಅನ್ನೋ ಜಾತಿ) ಅದನ್ನು ದಾಟಲ್ಲ.

ಮಧ್ಯೆ ಸುಮ್ನೆ ಒಂದು ಹುಚ್ಚು ಮಾಡಿದೆ. ಮನೆಯಿಂದ ಒಂದು ರಾಗಿ ಮುದ್ದೆ ತಂದು ಎರಡು ಭಾಗ ಮಾಡಿ, ಒಂದನ್ನು ಈ ಎಎಚ್‌ಯು ಟ್ರೇ ಅಂಚಿಗೆ, ಇನ್ನೊಂದನ್ನು ಯುವಿ ಇಲ್ಲದ ಇನ್ನೊಂದು ಯೂನಿಟ್ಟಿನಲ್ಲಿ ಇಟ್ಟೆ. ವಾರ ಕಳೆದ ಮೇಲೆ ಎರಡನೆಯದು ಬೂಷ್ಟು ಹಿಡಿದು ಬೆಕ್ಕಿನ ಮರಿ ಥರ ಆಗಿತ್ತು. ಮೊದಲನೆಯದರ ಮೇಲ್ಭಾಗ ಒಣಗಿ ಬಿರಿದಿತ್ತು, ಬೂಷ್ಟಿಲ್ಲ. ಗೆದ್ದೆ ಅಂತ ತಿರುವಿ ನೋಡಿದರೆ ಅಡಿಯಲ್ಲಿ ಹಸಿರು! ನೆರಳು ಬಿದ್ದ ಕಡೆ ಯುವಿ ಇದ್ದೂ ಇಲ್ಲದ ಹಾಗೆ. ಆಗ ಹೊಳೆದು ಕಾಯಿಲ್ ಚೌಕಟ್ಟಿನ ಕೆಳಗೆ ಕೈ ಹಾಕಿದೆ. ಅಲ್ಲೂ ಒಂದು ಗೆರೆ ಲೋಳೆ ಉಳಿದಿತ್ತು. ಕೆಳಗಿನ ಟ್ಯೂಬನ್ನು ಸ್ವಲ್ಪ ಓರೆ ಮಾಡಿದ ಮೇಲೆ ಅದೂ ಹೋಯಿತು.

ಟ್ಯೂಬಿನ ಆಯಸ್ಸು ಒಂಬತ್ತು ಸಾವಿರ ಗಂಟೆ, ಅಂದರೆ ವರ್ಷದ ಮೇಲೆ ಹತ್ತು ದಿನ. ಆಮೇಲೂ ನೀಲಿ ಬೆಳಕು ಕಾಣುತ್ತೆ, ಮೋಸ ಹೋಗಬೇಡಿ. ನಾನು ಬದಲಿಸೋದು ಆಯುಧ ಪೂಜೆ ದಿನ, ಹೇಗಿದ್ದರೂ ಮೆಷಿನ್ ನಿಲ್ಲಿಸಿ ತೊಳೆಯುತ್ತೇವಲ್ಲ. ಹೋದ ವರ್ಷ ಹೊಸ ಟ್ಯೂಬ್ ಹಾಕಿ ಕಾಫಿ ಕುಡಿದು ಬರುವಷ್ಟರಲ್ಲಿ ನಮ್ಮ ಹುಡುಗ ಭಕ್ತಿಯಿಂದ ನಾಲ್ಕಕ್ಕೂ ಅರಿಶಿನ ಕುಂಕುಮ ಹಚ್ಚಿ, ಬೆರಳಚ್ಚು ಸಮೇತ ನಿಲ್ಲಿಸಿದ್ದ. ಸ್ಪಿರಿಟ್ ಹಾಕಿ ಒಂದೊಂದನ್ನೇ ಒರೆಸೋಕೆ ಅರ್ಧ ಗಂಟೆ ಹಿಡಿಯಿತು. ಈ ಸಲ ಕುಂಕುಮ ಬಾಗಿಲಿಗೆ ಮಾತ್ರ ಅಂತ ಈಗಲೇ ಹೇಳಿಟ್ಟಿದ್ದೇನೆ.